ಕೈಗಾ ಹೆದರಿಕೆ, ಕೆಳದವಡೆಯ ಹಲ್ಲು

ಕಾರವಾರದಲ್ಲಿ ಬೆಳೆದವರಿಗೆ ರೇಡಿಯೇಶನ್ ಅನ್ನೋದು ಬರೀ ಪುಸ್ತಕದ ಪದ ಅಲ್ಲ. 2000ದ ಆಸುಪಾಸಿನಲ್ಲಿ ಹತ್ತಿರದ ಕೈಗಾ ಅಣುಸ್ಥಾವರದಲ್ಲಿ ಕರೆಂಟು ತಯಾರಾಗೋಕೆ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಬಸ್ ಸ್ಟ್ಯಾಂಡು, ಕಟಿಂಗ್ ಶಾಪು, ಎಲ್ಲಿ ಹೋದರೂ ಅದೇ ಮಾತು. ಆ ಹೆದರಿಕೆ ಒಳಗೆಲ್ಲೋ ಕೂತುಬಿಟ್ಟಿತ್ತು.

ಹಾಗಾಗಿ ಹೋದ ವರ್ಷ ಎಡಗಡೆ ಕೆಳದವಡೆಯ ಹಲ್ಲು ತಣ್ಣೀರಿಗೆ ಜುಂ ಅಂದಾಗ, ಡಾಕ್ಟರು "ಮೇಲಿಂದ ಏನೂ ಕಾಣ್ತಿಲ್ಲ, ಒಂದು ಎಕ್ಸ್‌ರೇ ತೆಗೀಬೇಕು" ಅಂದರೂ ನಾನು ಬೇಡ ಅಂದೆ. ಶಿರಸಿಯಿಂದ ಆಯಿ ಫೋನಲ್ಲಿ, "ಅದೆಲ್ಲ ತೆಗೆಸ್ಕಳಡ ತಮಾ, ಲವಂಗ ಇಟ್ಕ" ಅಂದಳು. ಇಟ್ಟೆ. ಸ್ವಲ್ಪ ದಿನಕ್ಕೆ ನೋವು ಹೋಯಿತು. ನಾನೇ ಗೆದ್ದೆ ಅಂದುಕೊಂಡೆ. ನೋವು ಹೋಗಿದ್ದು ಹಲ್ಲಿನ ನರವೇ ಸತ್ತಿದ್ದಕ್ಕೆ ಅಂತ ಗೊತ್ತಾಗಿದ್ದು ಆಷಾಢದ ಮಳೆಯಲ್ಲಿ, ಒಂದು ಬೆಳಗ್ಗೆ ಎದ್ದಾಗ ಕೆನ್ನೆ ಬನ್ಸ್ ಥರ ಉಬ್ಬಿಕೊಂಡಿತ್ತು.

ಈ ಸಲ ಬೇಡ ಅನ್ನೋ ಧೈರ್ಯ ಇರಲಿಲ್ಲ. ಪ್ಲಾಸ್ಟಿಕ್ ಕವರ್ ಹಾಕಿದ ಸೆನ್ಸರ್ ಒಂದನ್ನು ನಾಲಿಗೆ ಬುಡಕ್ಕೆ ತಂದಿಟ್ಟರು. ಅಂಚು ಒತ್ತುತ್ತದೆ, ವಾಂತಿ ಬಂದ ಹಾಗಾಗುತ್ತದೆ, ವೈರು ತುಟಿ ಮೇಲೆ ನೇತಾಡುತ್ತಿರುತ್ತದೆ. ಡಾಕ್ಟರು ಬಾಗಿಲಾಚೆ ಹೋದರು. ಟಿಕ್. ಮುಗೀತು. 1896ರಲ್ಲಿ ಜರ್ಮನಿಯ ದಂತವೈದ್ಯ ಓಟ್ಟೋ ವಾಲ್ಕ್‌ಹಾಫ್ ತನ್ನದೇ ಹಲ್ಲಿನ ಚಿತ್ರ ತೆಗೆಯೋಕೆ 25 ನಿಮಿಷ ಅಲ್ಲಾಡದೆ ಇದ್ದನಂತೆ, ಪುಣ್ಯಾತ್ಮ.

"ಅಷ್ಟು ಸೇಫ್ ಆದ್ರೆ ನೀವ್ಯಾಕೆ ಹೊರಗೆ ಹೋದ್ರಿ ಮೇಡಂ?" ಕೇಳೇಬಿಟ್ಟೆ. ಅವರು ನಕ್ಕರು. "ನಿಮಗೆ ಇವತ್ತು ಒಂದು. ನನಗೆ ದಿನಾ ಎಷ್ಟೋ, ವರ್ಷಗಟ್ಟಲೆ." ಆಮೇಲೆ ಲೆಕ್ಕ ಹೇಳಿದರು. ಒಂದೆರಡು ಹಲ್ಲಿನ ಇಂಥ ಎಕ್ಸ್‌ರೇಗೆ ಸುಮಾರು 5 ಮೈಕ್ರೋಸೀವರ್ಟ್, ಅಂದರೆ ಮೈಗೆ ತಗಲುವ ರೇಡಿಯೇಶನ್ ಅಳೆಯೋ ಲೆಕ್ಕ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸುಮ್ನೆ ಕೂತರೂ ದಿನಕ್ಕೆ ಸರಾಸರಿ 6-7 ಸಿಗುತ್ತದೆ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೆಗೆಯೋ ಓಪಿಜಿ ಎಕ್ಸ್‌ರೇಗೆ ಇದಕ್ಕಿಂತ ಜಾಸ್ತಿ, ದವಡೆಯ ಸಿಟಿ ಸ್ಕ್ಯಾನಿಗೆ ಇನ್ನೂ ಜಾಸ್ತಿ. ಅದಕ್ಕೇ ಅದನ್ನು ಎಲ್ಲರಿಗೂ ಬರೆಯಲ್ಲವಂತೆ. ಸೀಸದ ಏಪ್ರನ್ ಎಲ್ಲಿ ಅಂದೆ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಅದೂ ಬೇಡ ಅಂದಿದೆಯಂತೆ, ಈಗಿನ ಮಶೀನಿನ ಕಿರಣ ಬೇಕಾದಷ್ಟೇ ಜಾಗಕ್ಕೆ ಬೀಳುತ್ತದೆ ಅಂತ. ನನಗಂತೂ ಹೊದಿಸಿದ್ದರೆ ಸಮಾಧಾನ ಆಗ್ತಿತ್ತು.

ಸ್ಕ್ರೀನಿನಲ್ಲಿ ಪೆನ್ನಿನ ಕ್ಯಾಪಿಂದ ತೋರಿಸಿದರು. ಎರಡು ಹಲ್ಲು ತಾಗುವಲ್ಲಿ, ಕನ್ನಡಿ ಹಿಡಿದರೂ ಕಾಣದ ಜಾಗದಲ್ಲಿ, ಕಪ್ಪು ಕಲೆ ಒಳಗಿಳಿದಿತ್ತು. ಬೇರಿನ ತುದಿಯಲ್ಲಿ ಕಡಲೆಬೇಳೆಯಷ್ಟು ಇನ್ನೊಂದು ಕಪ್ಪು, ಅಲ್ಲಿ ಮೂಳೆ ಕರಗಿತ್ತು. ಮೊದಲನೇ ಸಲವೇ ತೆಗೆಸಿದ್ದರೆ ಬಹುಶಃ ಒಂದು ಫಿಲ್ಲಿಂಗಿನಲ್ಲಿ ಮುಗೀತಿತ್ತು, ಅಲ್ವಾ? ಈಗ ಸತ್ತ ನರ ತೆಗೆದು ಬೇರಿನೊಳಗೆ ತುಂಬೋ ರೂಟ್ ಕೆನಾಲ್, ಮೇಲೊಂದು ಕ್ಯಾಪು, ನಾಲ್ಕು ಸಲ ಓಡಾಟ, ಮತ್ತೆ ಮೂರು ಎಕ್ಸ್‌ರೇ.

ಕೊನೆಯದನ್ನು ವಾಟ್ಸಾಪಿನಲ್ಲಿ ಆಯಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಹಲ್ಲಿನೊಳಗೆ ಎರಡು ಬಿಳೀ ಮೊಳೆ ಕಾಣ್ತು, ಅದೆಂತದಾ ತಮಾ?"