ಸೊಲ್ಲಾಪುರದ ಚಾರ್ ಪುತಳಾ ನೋಡ್ಲಿಕ್ಕೆ ಹೋಗೋರಿಗೆ

ನಾವು ಅಕ್ಕಲಕೋಟ ತಾಲೂಕಿನವ್ರು. ಸೊಲ್ಲಾಪುರ ಅಂದ್ರ ನಮಗ ಬಜಾರ, ದವಾಖಾನಿ, ಮದುವಿಗೆ ಚಾದರ ತರೋ ಊರು, ಅಷ್ಟೇ ಆಗಿತ್ತು. ಈ ಸಲ ಮಾತ್ರ ಚಾರ್ ಪುತಳಾ, ಅಂದ್ರ ಬ್ರಿಟಿಷರು ಗಲ್ಲಿಗೇರಿಸಿದ ನಾಲ್ವರ ಮೂರ್ತಿ, ನೋಡ್ಲಿಕ್ಕೆ ಜನವರಿ 12ನೇ ತಾರೀಖು ಹಿಡ್ಕೊಂಡೇ ಹೋದೆ, ಜೋಡಿ ನಮ್ಮ ಸೋದರಮಾವ, ಮಿಲ್ಲಿನಾಗ ದುಡದು ರಿಟೈರ್ ಆದವ್ರು, ಮತ್ತ ಎಂಟನೇತ್ತಾ ಓದೋ ನನ್ನ ಮಗಳು.

ಮೊದಲೇ ಹೇಳ್ತೀನಿ, ಆ ದಿವಸ ಹೋಗೋರು ಲಾಡ್ಜ್ ಮುಂಚೇನೇ ಬುಕ್ ಮಾಡ್ರಿ. ಸಿದ್ಧೇಶ್ವರ ಗುಡಿಯ ಜಾತ್ರಿ, ಗಡ್ಡಾ ಯಾತ್ರಿ ಅಂತಾರ, ಸಂಕ್ರಾಂತಿ ಹಿಂದ ಮುಂದ ಬರ್ತದ, ನಂದಿಕೋಲಿನ ಮೆರವಣಿಗಿ ಹೊಂಟ್ರ ರಸ್ತಾ ಬಂದ್ ಆಗ್ತಾವ. ನಾವು ಬುಕ್ ಮಾಡದೇ ಹೋಗಿ ಒಂದು ಲಾಡ್ಜಿನವ್ರು ಹೇಳಿದಷ್ಟು ರೊಕ್ಕ ಕೊಟ್ವಿ, ರೂಮಿನಾಗ ನೀರೂ ಇದ್ದಿಲ್ಲ. ಹಂಗಂತ ಮೇ ತಿಂಗಳದಾಗ ಹೋಗ್ಬ್ಯಾಡ್ರಿ, ಹೋದ ವರ್ಷ ಹೋಗಿದ್ದೆ, ಬಿಸಲಿಗೆ ತಲಿ ತಿರುಗಿ ಅರ್ಧ ನೋಡಿ ಬಂದೆ.

ಎಸ್‌ಟಿ ಸ್ಟ್ಯಾಂಡಿನಾಗ ಇಳದು ಆಟೋದವ್ರಿಗೆ ‘ಚಾರ್ ಪುತಳಾ’ ಅಂತಷ್ಟೇ ಹೇಳ್ರಿ ಸಾಕು. ನಾಲ್ಕು ಮಂದಿ ನಿಂತಾರ ಅಲ್ಲಿ: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. ಮಲ್ಲಪ್ಪ ಅನ್ನೋ ಹೆಸರು ಓದಿ ಮಗಳು ‘ಅಪ್ಪಾ, ಇವ್ರು ನಮ್ಮ ಕಡೆಯವ್ರ ಇದ್ದಂಗ ಅದಲ್ಲ’ ಅಂದ್ಲು. 1931ರ ಜನವರಿ 12ಕ್ಕ ಇವ್ರನ್ನ ಯರವಡಾ ಜೈಲಿನಾಗ ಗಲ್ಲಿಗೇರಿಸಿದ್ರು, ಅದಕ್ಕೇ ಆ ದಿವಸ ಮುಂಜಾನೆ ಮಾಲಿ ಹಾಕ್ಲಿಕ್ಕೆ ಜನ ಬರ್ತಾರ. ಗಾಂಧೀಜಿನೂ ಆವಾಗ ಅದೇ ಯರವಡಾದಾಗೇ ಇದ್ರು, ಅವ್ರಿಗೆ ಬಿಡುಗಡಿ ಆಗಿದ್ದು ಮುಂದ ಎರಡು ವಾರಕ್ಕ. ಇದನ್ನ ನಾನು ಓದಿದ್ದೆ, ಆದ್ರ ಆ ಪುತಳಾ ಮುಂದ ನಿಂತು ಮಗಳಿಗೆ ಹೇಳೋವಾಗ ಗಂಟಲು ಕಟ್ತು.

ಹೋಗೋ ಮುಂಚೆ ಕಥಿ ತಿಳ್ಕೊಂಡು ಹೋಗ್ರಿ, ಇಲ್ಲಂದ್ರ ನಾಲ್ಕು ಮೂರ್ತಿ ನೋಡಿ ಫೋಟೋ ಹೊಡ್ಕೊಂಡು ಬರ್ತೀರಿ. 1930ರ ಮೇ 5ಕ್ಕ ಗಾಂಧೀಜಿ ಅರೆಸ್ಟ್ ಆದ್ರು, ಸುದ್ದಿ ಬಂದದ್ದೇ ಸೊಲ್ಲಾಪುರದ ಮಿಲ್ಲು ಬಂದ್ ಬಿದ್ವು, ಮೇ 8ಕ್ಕ ಪೊಲೀಸರು ಗುಂಡು ಹೊಡದ್ರು, ಜನ ಸತ್ತರು, ಸಿಟ್ಟಿಗೆದ್ದ ಮಂದಿ ಪೊಲೀಸ್ ಚೌಕಿ, ಕೋರ್ಟು ಸುಟ್ಟರು, ಪೊಲೀಸರೂ ಸತ್ತರು. ಇದನ್ನ ಮುಚ್ಚಿಡಬಾರ್ದು, ಮಕ್ಕಳಿಗೂ ಹಂಗೇ ಹೇಳ್ಬೇಕು. ಪೊಲೀಸರನ್ನ ಕೊಂದ್ರು ಅನ್ನೋ ಆರೋಪದ ಮ್ಯಾಲೇ ಈ ನಾಲ್ವರಿಗೆ ಗಲ್ಲು ಆಗಿದ್ದು. ಆದ್ರ ನನ್ನ ಮನಸ್ಸಿನಾಗ ಉಳದದ್ದು ಅದರ ಮುಂದಿನ ದಿವಸಗಳು. ಬ್ರಿಟಿಷ್ ಸಾಹೇಬರು ಊರು ಬಿಟ್ಟಾಗ ಮೂರು ದಿವಸ ಕಾಂಗ್ರೆಸ್ ವಾಲಂಟಿಯರ್ರೇ ಊರು ಸಂಭಾಳಿಸಿದ್ರು, ರಸ್ತಾದಾಗ ನಿಂತು ಟ್ರಾಫಿಕ್ ಸೈತ ನೋಡ್ಕೊಂಡ್ರು. ಮೇ 12ಕ್ಕ ಮಾರ್ಷಲ್ ಲಾ ಹಚ್ಚಿದ್ರು, ಜೂನ್ 30ರ ತನಕ ಊರು ಮಿಲಿಟರಿ ಕೈಯಾಗ. ಗಾಂಧಿ ಟೊಪಿಗಿ ಹಾಕಿದ್ರ ಗುನ್ಹೆ, ತಿರಂಗಾ ಹಿಡದ್ರ ಗುನ್ಹೆ. ಬಂದೂಕು ಹಿಡದ ಸಿಪಾಯಿ ಒಂದು ಗೇಣು ಬಿಳಿ ಅರಿವಿಗೆ ಹೆದರ್ತಾನ ಅಂದ್ರ ಆ ಅರಿವಿ ತಾಕತ್ತು ಎಷ್ಟಿರ್ಬೇಕು ನೋಡ್ರಿ.

ಅಲ್ಲೇ ಕಟ್ಟಿ ಮ್ಯಾಲೆ ಕೂತು ಮಾವ ತಮ್ಮ ಟೊಪಿಗಿ ತೆಗದ್ರು. ಎರಡು ಮಡಿಕಿ, ಮತ್ತೊಂದು ಮಡಿಕಿ, ಅಂಗೈಯಾಗ ಮುಚ್ಚಿದ್ರ ಕಾಣಲಾರದಷ್ಟು ಸಣ್ಣದು ಮಾಡಿ ಧೋತ್ರದ ಗಂಟಿನಾಗ ಸಿಗಿಸಿ ತೋರ್ಸಿದ್ರು. ‘ನಮ್ಮಪ್ಪ ಹಿಂಗ ಒಯ್ತಿದ್ದ ತಂಗಿ, ರಸ್ತಾ ದಾಟೋ ತನಕ ಗಂಟಿನಾಗ, ಗಲ್ಲಿ ಒಳಗ ಹೋದ ಕೂಡ್ಲೇ ತಲಿ ಮ್ಯಾಲೆ. ಯಾಕ ಅಂತ ಕೇಳಿದ್ರ, ತಲಿ ನಂದು ಅಂತಿದ್ದ’ ಅಂದ್ರು. ಮಗಳು ಇಸ್ಕೊಂಡು ತಾನೂ ಮಡಚಿ ನೋಡಿದ್ಲು, ಮೂರನೇ ಮಡಿಕಿ ಆಕಿಗೆ ಬರ್ಲಿಲ್ಲ, ಮಾವ ಮತ್ತೊಮ್ಮೆ ಕಲಿಸಿದ್ರು. ನಿಮ್ಮ ಮನ್ಯಾಗ ಹಿರೇರು ಇದ್ರ ಅವ್ರನ್ನ ಕರ್ಕೊಂಡೇ ಹೋಗ್ರಿ, ಇಂಥದ್ದು ಬೋರ್ಡಿನ ಮ್ಯಾಲೆ ಬರದಿರಂಗಿಲ್ಲ.

ಅಲ್ಲಿಂದ ಭುಯಿಕೋಟ ಕಿಲ್ಲಾ, ಸಿದ್ಧೇಶ್ವರ ಗುಡಿ, ಕೆರಿ ಎಲ್ಲಾ ಹತ್ರನೇ, ನಡದೇ ಹೋಗ್ಬಹುದು. ಗುಡಿ ಸುತ್ತ ಕನ್ನಡದಾಗೇ ಕೇಳ್ರಿ, ಹೂವಿನ ಅಂಗಡಿಯವ್ರು ‘ಯಾವೂರ್ರಿ’ ಅಂತ ಕನ್ನಡದಾಗೇ ತಿರುಗಿ ಕೇಳ್ತಾರ, ನಮ್ಮ ಸಿದ್ಧರಾಮನ ಊರು ಅದು. ಊಟಕ್ಕ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲಿ ಬೇಕಲ್ಲಿ ಸಿಗ್ತದ, ವಾಪಸ್ ಬರೋವಾಗ ಶೇಂಗಾ ಹೋಳಿಗಿ ಕಟ್ಟಿಸ್ಕೊಂಡು ಬರ್ರಿ.

ಕರ್ನಾಟಕದಿಂದ ಬರೋರಿಗೆ ಬೆಂಗಳೂರು-ಮುಂಬೈ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ ಮ್ಯಾಲೆ ಹಾದು ಸೊಲ್ಲಾಪುರಕ್ಕ ಬರ್ತದ, ವಿಜಯಪುರದಿಂದ ಬಸ್ಸಿಗೆ ಸುಮಾರು 100 ಕಿಲೋಮೀಟರ್. ಮರುದಿನ ಪುಣೆಕ್ಕ ಹೋಗೋದಿತ್ತಂದ್ರ ಹುತಾತ್ಮಾ ಎಕ್ಸ್‌ಪ್ರೆಸ್ಸೇ ಹಿಡೀರಿ, ಈ ನಾಲ್ವರ ನೆನಪಿಗೆ ಇಟ್ಟ ಹೆಸರು ಅದು, ಮುಂಜಾನೆ ಆರೂವರಿ ಸುಮಾರಿಗೆ ಬಿಡ್ತದ, ಟೈಮ್ ಒಮ್ಮೆ ಚೆಕ್ ಮಾಡ್ಕೋರಿ. ಯರವಡಾ ಇರೋದು ಪುಣೆದಾಗೇ. ನಾವು ಅದೇ ಗಾಡಿಗೆ ಹೋದ್ವಿ, ಮಾವ ಡಬ್ಬಿ ಹತ್ತೋ ಮುಂಚೆ ಬೋರ್ಡಿನ ಮುಂದ ನಿಂತು ಟೊಪಿಗಿ ಸರಿ ಮಾಡ್ಕೊಂಡ್ರು.