ಹಂದಿಮರಿಗಳ ಋಣ

ಇವತ್ತು ಶಿಡ್ಲಘಟ್ಟದ ಹತ್ರ ನಮ್ಮೂರ ಅಂಗನವಾಡೀಲಿ ಅಕ್ಕನ ಮಗೂಗೆ 14ನೇ ವಾರದ ರೋಟಾವೈರಸ್ (ಮಕ್ಕಳಿಗೆ ಬೇಧಿ ತರೋ ವೈರಸ್) ಲಸಿಕೆ ಹಾಕಿಸ್ಕೊಂಡು ಬಂದ್ವಿ, ಚಪ್ಪರಿಸ್ಕೊಂಡು ಕುಡೀತು ಕಂದ. ದಾರಿಯುದ್ದಕ್ಕೂ ನಂಗೆ ಹಂದಿಮರಿಗಳದ್ದೇ ಯೋಚ್ನೆ. ಬೆಳೆದ ಇಲಿಗೆ ಈ ಸೋಂಕು ತಗುಲಿದ್ರೂ ಬೇಧಿ ಆಗಲ್ಲ, ಅದಕ್ಕೇ ಲಸಿಕೆ ಪರೀಕ್ಷೆ ಮಾಡೋಕೆ ವಿಜ್ಞಾನಿಗಳು ಸಿಸೇರಿಯನ್ ಮಾಡಿ ತೆಗೆದು ಒಂದು ಕ್ರಿಮೀನೂ ಸೋಕದ ಹಾಗೆ ಐಸೋಲೇಟರ್ ಅನ್ನೋ ಮುಚ್ಚಿದ ಗೂಡಲ್ಲಿ ಸಾಕಿದ ಹಂದಿಮರಿಗಳನ್ನ ಬಳಸಿದ್ರು, ಹಂದೀಲಿ ತಾಯಿಯ ಆಂಟಿಬಾಡಿ (ರೋಗದ ವಿರುದ್ಧ ಹೋರಾಡೋ ಪ್ರೋಟೀನ್) ಗರ್ಭದಲ್ಲೇ ಮರಿಗೆ ದಾಟಲ್ಲ, ಗಿಣ್ಣುಹಾಲಿಂದ್ಲೇ ಸಿಗ್ಬೇಕು, ಈ ಮರಿಗಳಿಗೆ ಅದೂ ಇಲ್ಲ, ಹಾಗಾಗಿ ಲಸಿಕೆ ಕೊಟ್ಮೇಲೆ ಕರುಳಲ್ಲಿ ಹುಟ್ಟೋ ಐಜಿಎ ಅನ್ನೋ ಆಂಟಿಬಾಡಿ ಎಷ್ಟು, ಅದು ಕಾಯುತ್ತಾ ಇಲ್ವಾ ಅನ್ನೋದು ಸ್ಪಷ್ಟವಾಗಿ ಗೊತ್ತಾಗುತ್ತೆ. ನಮ್ಮ ದೇಶದ್ದೇ ಆದ ರೋಟಾವ್ಯಾಕ್ ಲಸಿಕೆಯ ವೈರಸ್ ತಳೀಲಂತೂ ಒಂದು ಜೀನ್ ಹಸುವಿನ ರೋಟಾವೈರಸ್‌ದು! ಮನೆಗೆ ಬಂದು ಕೊಟ್ಟಿಗೇಲಿ ಕರು ತಲೆ ಸವರ್ತಾ ಸ್ವಲ್ಪ ಹೊತ್ತು ಹಂಗೇ ನಿಂತಿದ್ದೆ.