ಕೊಟ್ಟಾಗ ಹೋಗ್ತಿರಲಿಲ್ಲ

"ಇಲ್ಲಿ ಕಾರ್ಡ್ ಹೋಗುತ್ತೆ ನೋಡಿ," ಅಂದರು ಗೆಳತಿಯ ಗಂಡ. ಅಂದು ಸುಮ್ಮನಾಗಲಿಲ್ಲ. ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು, ನಾನು ಮಾಡಿಕೊಟ್ಟ ಫೋಟೋ ಫ್ರೇಮಿನ ಮೂಲೆಯ ಸಂದಿಗೆ ಅದರ ಅಂಚು ತೂರಿಸಿ, ಕೈ ಬಿಟ್ಟರು. ಕಾರ್ಡ್ ಬೀಳಲಿಲ್ಲ. ಅಲ್ಲೇ ನಿಂತುಕೊಂಡಿತು.

ಅದಕ್ಕೆ ನಾನು ಕೊಟ್ಟ ಉತ್ತರ, "ಕೊಟ್ಟಾಗ ಹೋಗ್ತಿರಲಿಲ್ಲ."

ಇದು ಭಾನುವಾರದ ಮಾತು. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಹಲ್ಲುಜ್ಜುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಆ ಕಾರ್ಡ್ ಸಂದಿಯೊಳಗೆ ಇಳಿಯುತ್ತಲೇ ಇದೆ. ನನ್ನ ಗಂಡನಿಗೆ ಮಾತ್ರ ಹಬ್ಬ. ಸೋಮವಾರ ಬೆಳಿಗ್ಗೆ ಅವನ ಅಂಗಿಯ ಗುಂಡಿ ಕಿತ್ತು ಕೈಗೆ ಬಂತು. ನನ್ನ ಮುಖ ನೋಡಿ ಗಂಭೀರವಾಗಿ, "ಕೊಂಡಾಗ ಇತ್ತು," ಅಂದ.

ಮೊದಲು ನನ್ನ ಕಡೆಯ ವಾದ ಹೇಳಿಬಿಡುತ್ತೇನೆ. ಅಲ್ಲಿ ಹೇಳಲಾಗಲಿಲ್ಲ.

ಫ್ರೇಮ್ ಅಂದರೆ ನಾಲ್ಕು ಪಟ್ಟಿ, ಎಂಟು ಕೊಯ್ತ. ಪ್ರತಿ ಕೊಯ್ತವೂ 45 ಡಿಗ್ರಿ ಇರಬೇಕು. ಗರಗಸ ಕಾಲು ಡಿಗ್ರಿ ಆಚೀಚೆ ಆಯಿತು ಅಂದುಕೊಳ್ಳಿ. ಕಾಲು ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಎಂಟು ಸಲ ಕೂಡಿದರೆ ಎರಡು ಡಿಗ್ರಿ, ಅಷ್ಟೂ ಕೊನೆಯ ಮೂಲೆಗೆ ಬಂದು ಕೂರುತ್ತದೆ. ಮೂರು ಮೂಲೆ ಮುತ್ತಿನ ಹಾಗೆ ಕೂತು ನಾಲ್ಕನೆಯದು ಬಾಯಿ ತೆರೆದು ನಗುತ್ತದೆ. ಮೊದಮೊದಲು ನಾನು ಅಂಥ ನಗುವ ಫ್ರೇಮುಗಳನ್ನೇ ಮಾಡುತ್ತಿದ್ದೆ. ಅಂಟಿಗೆ ಮರದ ಹುಡಿ ಕಲೆಸಿ ತುಂಬಿದ್ದೂ ಉಂಟು, ಮೂಲೆಯ ಅಂಚನ್ನು ಸ್ಕ್ರೂ ಡ್ರೈವರಿನ ಕಂಬಿಯಿಂದ ತೀಡಿ ತೀಡಿ ಸಂದು ಮುಚ್ಚಿದ್ದೂ ಉಂಟು. ಆ ಫ್ರೇಮುಗಳು ಇನ್ನೂ ಯಾರ್ಯಾರ ಗೋಡೆಯ ಮೇಲೋ ಇವೆ. ದೇವರು ದೊಡ್ಡವನು.

ಆಮೇಲೆ ಕಲಿತೆ. ಎದುರುಬದುರು ಪಟ್ಟಿಗಳನ್ನು ಟೇಪು ಹಿಡಿದು ಅಳೆಯಬಾರದು. ಗರಗಸದ ಪಕ್ಕ ಒಂದು ತಡೆಕಟ್ಟೆ ಇಟ್ಟು, ಎರಡನ್ನೂ ಅದಕ್ಕೆ ಒತ್ತಿ ಕೊಯ್ಯಬೇಕು. ಕೋನ ಕೂದಲೆಳೆಯಷ್ಟು ತಪ್ಪಿದರೂ ನಿಭಾಯಿಸಬಹುದು, ಉದ್ದ ತಪ್ಪಿದರೆ ಯಾವ ಕ್ಲ್ಯಾಂಪೂ ಕಾಪಾಡುವುದಿಲ್ಲ. ಕೊಯ್ದ ತುದಿಗಳನ್ನು ಹಾಗೇ ಬಿಡದೆ ಹರಿತವಾದ ಕೀಸುಳಿಯಲ್ಲಿ ಒಂದೆರಡು ಎಳೆ ತೆಗೆಯಬೇಕು, ಈರುಳ್ಳಿ ಸಿಪ್ಪೆಯಂಥ ಸುರುಳಿ ಬರಬೇಕು. ಮರದ ತುದಿ ಸ್ಟ್ರಾಗಳ ಕಟ್ಟಿದ್ದ ಹಾಗೆ, ಅಂಟು ಕುಡಿದುಬಿಡುತ್ತದೆ. ಅದಕ್ಕೇ ಮೊದಲು ತೆಳ್ಳಗೆ ಒಂದು ಸಲ ಬಳಿದು, ಅದು ಕುಡಿದು ತಣಿದ ಮೇಲೆ ಇನ್ನೊಂದು ಸಲ ಬಳಿಯಬೇಕು. ತೇಗವಾದರೆ ಅದರ ಮೈಯ ಎಣ್ಣೆ ಅಂಟನ್ನು ಹತ್ತಿರ ಸೇರಿಸುವುದಿಲ್ಲ, ಅಸಿಟೋನ್ ಅದ್ದಿದ ಬಟ್ಟೆಯಲ್ಲಿ ಒರೆಸಿ ತಕ್ಷಣ ಅಂಟಿಸಬೇಕು. ಕ್ಲ್ಯಾಂಪ್ ಬಿಗಿದ ಮೇಲೆ ಕರ್ಣಗಳೆರಡನ್ನೂ ಅಳೆಯಬೇಕು. ಎರಡೂ ಸಮ ಬಂದರೆ ಫ್ರೇಮ್ ನೆಟ್ಟಗಿದೆ.

ಇದೆಲ್ಲವನ್ನೂ ಆ ಫ್ರೇಮಿಗೆ ಮಾಡಿದ್ದೆ. ತೇಗದ ಹಲಗೆ, ಮೂರು ಇಂಚು ಅಗಲದ ಪಟ್ಟಿ. ಒಳಗೆ ಗೆಳತಿಯ ಅಮ್ಮನ ಕಪ್ಪುಬಿಳುಪು ಫೋಟೋ, ಸೈಕಲ್ಲಿನ ಪಕ್ಕ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿರುವುದು. ಹಳೆಯ ಕಟ್ಟಿನಿಂದ ಅದನ್ನು ಬಿಡಿಸಿದಾಗ ಹಿಂಭಾಗವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಅಗ್ಗದ ರಟ್ಟಿನಲ್ಲಿರುವ ಆಮ್ಲ ವರ್ಷಗಟ್ಟಲೆ ಕೂತು ಕಾಗದವನ್ನು ಮೆಲ್ಲಗೆ ಸುಡುತ್ತದೆ. ಒಂದು ಮೂಲೆಯಲ್ಲಿ ಫೋಟೋ ಗಾಜಿಗೇ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಹಾಗಾಗಿ ಈ ಸಲ ಆಮ್ಲವಿಲ್ಲದ ರಟ್ಟು, ಫೋಟೋಗೂ ಗಾಜಿಗೂ ನಡುವೆ ಉಸಿರಾಡಲು ಜಾಗ ಬಿಡುವ ಮೌಂಟು (ಫೋಟೋದ ಸುತ್ತ ಕಿಟಕಿಯ ಹಾಗೆ ಕೂರುವ ರಟ್ಟಿನ ಅಂಚು), ಅದರ ಕೆಳಗಿನ ಅಂಚು ಮೇಲಿನದಕ್ಕಿಂತ ಒಂದು ಬೆರಳು ಹೆಚ್ಚು. ನಾಲ್ಕೂ ಕಡೆ ಸಮ ಬಿಟ್ಟರೆ ಚಿತ್ರ ಕೆಳಕ್ಕೆ ಜಾರಿದಂತೆ ಕಾಣುತ್ತದೆ.

ಒಂದು ಕೆಲಸ ಮಾತ್ರ ಮಾಡಲಿಲ್ಲ. ಹಲಗೆಯನ್ನು ಒಣಗಲು ಬಿಡಲಿಲ್ಲ.

ಮಳೆಗಾಲ. ತಂದ ಹಲಗೆಯನ್ನು ಒಂದೆರಡು ತಿಂಗಳಾದರೂ ಕೋಣೆಯೊಳಗೆ ಗಾಳಿಯಾಡುವಂತೆ ಜೋಡಿಸಿಡಬೇಕಿತ್ತು. ಗೆಳತಿ ಹೊಸ ಮನೆಗೆ ಹೋಗುವ ದಿನ ಗೊತ್ತಾಗಿಬಿಟ್ಟಿತ್ತು, ನನಗೆ ಆ ದಿನವೇ ಕೊಡಬೇಕಿತ್ತು. ತಂದ ವಾರದಲ್ಲೇ ಕೊಯ್ದೆ. ಕೊಟ್ಟ ದಿನ ಮೂಲೆಯ ಮೇಲೆ ಉಗುರು ಎಳೆದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಅಲ್ಲಿದ್ದ ಒಬ್ಬರು ಅದನ್ನು ನೋಡಿ ನನ್ನ ಗಂಡನ ಬೆನ್ನು ತಟ್ಟಿದರು. "ಒಳ್ಳೆ ಕೈ ನಿಮ್ಮದು." ಅವನೋ, ಗೋಡೆಗೆ ಮೊಳೆ ಹೊಡೆದರೆ ಗೋಡೆಯೇ ಕ್ಷಮೆ ಕೇಳಬೇಕು ಅಂಥವನು. ನಕ್ಕು ಸುಮ್ಮನಾದ. ಹೀಗೆ ಆಗುವುದು ಇದೇ ಮೊದಲಲ್ಲ. ಮನೆಯಲ್ಲಿ ಮರಗೆಲಸದ ಮೇಜು ಇದೆ ಅಂದರೆ ಎಲ್ಲರೂ ತಿರುಗುವುದು ಅವನ ಕಡೆಗೇ. ನಾನು ತಿದ್ದುವುದನ್ನು ಬಿಟ್ಟು ಯಾವುದೋ ಕಾಲವಾಯಿತು. ತಿದ್ದಿದರೆ ಹೊಗಳಿಕೆ ಇನ್ನೂ ಜೋರಾಗುತ್ತದೆ, "ಅಯ್ಯೋ ನೀವಾ!" ಅಂತ. ಅದು ಇನ್ನೂ ಕೆಟ್ಟದ್ದು.

ಈಗ ಒಣ ಹವೆ. ಅವರ ಹಜಾರದಲ್ಲಿ ಹಗಲೂ ರಾತ್ರಿ ಏಸಿ. ಮರ ಒಣಗಿದಾಗ ಅಗಲಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಮೂರು ಇಂಚಿನ ಪಟ್ಟಿ ನೂರಕ್ಕೆ ಒಂದು ಪಾಲು ಕುಗ್ಗಿದರೂ ಮುಕ್ಕಾಲು ಮಿಲಿಮೀಟರ್ ಹೋಯಿತು. ಉದ್ದ ಅಷ್ಟೇ ಇದ್ದು ಅಗಲ ಮಾತ್ರ ಕಡಿಮೆಯಾದರೆ 45 ಡಿಗ್ರಿ 45 ಆಗಿ ಉಳಿಯುವುದಿಲ್ಲ. ಮೂಲೆಯ ಹೊರತುದಿ ಕೂಡಿಕೊಂಡೇ ಇದ್ದು, ಒಳಗಡೆ, ಫೋಟೋದ ಪಕ್ಕದಲ್ಲಿ, ಸಂದು ಬಿಡುತ್ತದೆ. ಒದ್ದೆ ಹವೆಯಲ್ಲಿ ಉಬ್ಬಿದರೆ ಇದರ ತಿರುಗುಮುರುಗು, ಒಳಗೆ ಒತ್ತಿಕೊಂಡು ಹೊರತುದಿ ಬಿಚ್ಚುತ್ತದೆ. ಪಟ್ಟಿ ಅಗಲವಾದಷ್ಟೂ ಸಂದು ದೊಡ್ಡದು. ಒಂದು ಇಂಚಿನ ಪಟ್ಟಿ ಹಾಕಿದ್ದರೆ ಈ ಬರಹ ಇರುತ್ತಿರಲಿಲ್ಲ.

ಅವರ ವಿಷಯ. ಗೆಳತಿಯ ಗಂಡ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರಿಶೀಲನೆ ವಿಭಾಗದಲ್ಲಿದ್ದವರು, ನಿವೃತ್ತರಾಗಿ ಎರಡು ವರ್ಷ. ನನಗೆ ಮೊದಲಿಂದಲೂ ಅವರ ಬಗ್ಗೆ ಅಷ್ಟಕ್ಕಷ್ಟೆ. ಊಟಕ್ಕೆ ಕೂತರೆ ತಟ್ಟೆ ಎತ್ತಿ ತಳ ನೋಡುವ ಜನ. ಕುರ್ಚಿ ಅಲ್ಲಾಡಿಸಿ ಕೂರುತ್ತಾರೆ. ಮಾತಿನ ನಡುವೆ ನೀವು 'ಸುಮಾರು' ಅಂದರೆ, "ಸುಮಾರು ಅಂದ್ರೆ ಎಷ್ಟು?" ಅನ್ನುತ್ತಾರೆ. ಗೆಳತಿ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದಳೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಒಮ್ಮೆ ಅವಳನ್ನೇ ಕೇಳಿಯೂ ಇದ್ದೇನೆ. "ನನ್ನನ್ನ ಒಂದೇ ಸಲ ಪರೀಕ್ಷೆ ಮಾಡಿದ್ದು, ಪಾಸಾದೆ," ಅಂದಿದ್ದಳು.

ಭಾನುವಾರ ಅವಳೇ ಮಧ್ಯೆ ಬಂದಳು. "ಅದಕ್ಯಾಕೆ ಅಷ್ಟು ನೋಡ್ತೀರಿ? ನಮ್ಮ ಹಿತ್ತಲ ಬಾಗಿಲೂ ಹಾಗೇ. ಮಳೆಗಾಲದಲ್ಲಿ ಒದ್ದರೂ ಮುಚ್ಚಲ್ಲ, ಈಗ ಗಾಳಿಗೇ ತೆಕ್ಕೊಳ್ಳುತ್ತೆ. ಮಳೆ ಬಂದ್ರೆ ಕೂಡ್ಕೊಳ್ಳುತ್ತೆ ಬಿಡಿ." ನಾನು ಕೋನ, ಅಗಲ, ತೇವಾಂಶ ಅಂತ ಮನಸ್ಸಿನಲ್ಲೇ ಒದ್ದಾಡುತ್ತಿದ್ದುದನ್ನು ಅವಳು ಬಾಗಿಲಿನಲ್ಲಿ ಮುಗಿಸಿದಳು. ಅವರು, "ಹಾಗಾದ್ರೆ ಸ್ವಲ್ಪ ಪುಟ್ಟಿ ತುಂಬಿಬಿಡಿ," ಅಂದರು. ಇದಕ್ಕೆ ಮಾತ್ರ ನನ್ನ ಬಾಯಿ ಬಂತು. ಈಗ ತುಂಬಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಹಿಂದಕ್ಕೆ ಬರಲು ಜಾಗವಿರುವುದಿಲ್ಲ, ಒಳಗಿನ ಪುಟ್ಟಿ ಮೀಟುಗೋಲಿನ ಹಾಗೆ ಕೂತು ಹೊರತುದಿಯನ್ನು ಬಿಚ್ಚಿಸುತ್ತದೆ ಅಂದೆ. ಅವರು ಒಂದು ಗಳಿಗೆ ಮೂಲೆಯನ್ನೇ ನೋಡಿದರು. "ಹೌದಲ್ಲ," ಅಂದರು. ಆಮೇಲೆ ಕಾರ್ಡ್ ಕಿತ್ತು ಎರಡನೇ ಮೂಲೆಗೆ ಹಾಕಿದರು. ಹೋಯಿತು. ಮೂರನೆಯದು, ಹೋಯಿತು. ನಾಲ್ಕನೆಯದು. ಒಂದೊಂದು ಸಲವೂ ನನ್ನ ಮುಖ ಬಿಸಿಯಾಗುತ್ತಿತ್ತು.

ರಾತ್ರಿ ಹತ್ತೂವರೆಗೆ ಹೊಳೆಯಿತು, ಅವರು ನಾಲ್ಕೂ ಮೂಲೆ ನೋಡಿದ್ದು ಯಾಕೆ ಅಂತ. ಗರಗಸದ ತಪ್ಪಾಗಿದ್ದರೆ ಕೊನೆಯ ಮೂಲೆಯಲ್ಲಿ ಮಾತ್ರ ದೊಡ್ಡ ಸಂದು ಇರಬೇಕಿತ್ತು. ನಾಲ್ಕರಲ್ಲೂ, ಒಳಗಡೆಯೇ, ಒಂದೇ ಅಳತೆಯ ಸಂದು ಅಂದರೆ ಅದು ಹವೆಯ ಕೆಲಸ. ಅಂದರೆ ಅವರು ನನ್ನ ತಪ್ಪು ಎಣಿಸುತ್ತಿರಲಿಲ್ಲ, ನಾನು ಹೇಳಿದ್ದು ನಿಜವೋ ಅಂತ ನೋಡುತ್ತಿದ್ದರು. ಫೋನ್ ಎತ್ತಿಕೊಂಡೆ. "ಈಗ? ಮಲಕ್ಕೋ," ಅಂದ ಗಂಡ.

ಮಲಗಿದೆ, ನಿದ್ದೆ ಬರಲಿಲ್ಲ. ಆಗ ಇನ್ನೊಂದು ನೆನಪಾಯಿತು, ಕಾರ್ಡಿನ ಗದ್ದಲದಲ್ಲಿ ಮರೆತೇಹೋಗಿದ್ದದ್ದು. ನಾಲ್ಕು ಮೂಲೆ ಆದ ಮೇಲೆ ಅವರು ಫ್ರೇಮನ್ನು ಮೊಳೆಯಿಂದ ಇಳಿಸಿ, ಬೋರಲು ಹಾಕಿ, ಹಿಂಬದಿ ನೋಡಿದ್ದರು. ಬೆರಳಲ್ಲಿ ತಟ್ಟಿ, "ಒಳಗಡೆ ಯಾವ ರಟ್ಟು?" ಅಂದಿದ್ದರು.

"ಆಮ್ಲ ಇಲ್ಲದ್ದು."

"ಹೂಂ."

ಅಷ್ಟೇ. ಆ ಫ್ರೇಮಿನ ಹಿಂಬದಿಯನ್ನು ಈವರೆಗೆ ನೋಡಿದವರು ನಾವಿಬ್ಬರೇ. ಮಿಕ್ಕವರೆಲ್ಲ ಎದುರಿನಿಂದ ನೋಡಿ "ತುಂಬ ಚೆನ್ನಾಗಿದೆ" ಅಂದವರು, ಅದೇ ಉಸಿರಿನಲ್ಲಿ ಪರದೆಯ ಬಣ್ಣವೂ ಚೆನ್ನಾಗಿದೆ ಅಂದವರು. ಮತ್ತೆ, ಇದನ್ನು ಬರೆಯಲು ಸ್ವಲ್ಪ ನಾಚಿಕೆ, ಅವರು ಅಷ್ಟೂ ಹೊತ್ತು ಒಂದೇ ಒಂದು ಪ್ರಶ್ನೆಯನ್ನೂ ನನ್ನ ಗಂಡನನ್ನು ಕೇಳಲಿಲ್ಲ. ಅವನು ಸೋಫಾದಲ್ಲಿ ಕೂತಿದ್ದ, ಹತ್ತಿರದಲ್ಲೇ. ಕಾರ್ಡ್ ತೋರಿಸಿದ್ದು ನನಗೆ, ರಟ್ಟು ಕೇಳಿದ್ದು ನನ್ನನ್ನು. ಹೊಗಳಿಕೆ ಯಾವಾಗಲೂ ವಿಳಾಸ ತಪ್ಪಿ ಪಕ್ಕದವನಿಗೆ ಹೋಗುತ್ತಿತ್ತು, ದೂರು ಮಾತ್ರ ಸರಿಯಾದ ಮನೆಗೆ ಬಂದು ಬಾಗಿಲು ತಟ್ಟಿತು.

ಹಾಗಂತ ಅವರು ಇದ್ದಕ್ಕಿದ್ದಂತೆ ನನಗೆ ಇಷ್ಟವಾಗಿಬಿಟ್ಟರು ಅಂತಲ್ಲ. ನನ್ನ ಮುಂದೆ ಕಾರ್ಡ್ ತೂರಿಸಬೇಕಿರಲಿಲ್ಲ.

ನಾಚಿಕೆಯಾಗಬೇಕಾದದ್ದು ಸಂದಿಗಿಂತ ನನ್ನ ಉತ್ತರಕ್ಕೆ. 'ಕೊಟ್ಟಾಗ ಹೋಗ್ತಿರಲಿಲ್ಲ.' ಹೋಗುತ್ತದೆ ಅಂತ ನನಗೆ ಗೊತ್ತಿರಬೇಕಿತ್ತು. ಹಲಗೆ ತಣ್ಣಗಿತ್ತು, ಕೀಸುಳಿಯ ಸುರುಳಿ ಗರಿಗರಿಯಾಗಿರಲಿಲ್ಲ, ಕೈಗೆ ತಿಳಿದಿತ್ತು. ಇನ್ನೂ ಒಂದಿದೆ. ಮೂಲೆಗೆ ಅಡ್ಡಲಾಗಿ ಸೀಳು ಕೊಯ್ದು ತೆಳ್ಳನೆಯ ಮರದ ಚಕ್ಕೆ ಕೂರಿಸಿದ್ದರೆ, ಮರ ಕುಗ್ಗುವುದು ನಿಲ್ಲದಿದ್ದರೂ, ಅಂಟು ಸೋತರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಚಕ್ಕೆ ಹೊರಗಿನಿಂದ ಗೆರೆಯಾಗಿ ಕಾಣುತ್ತದೆ ಅಂತ ಹಾಕಲಿಲ್ಲ. ಮೂಲೆ ಒಂದೇ ತುಂಡಿನಿಂದ ಬಾಗಿ ಬಂದಂತೆ ಕಾಣಬೇಕಿತ್ತು ನನಗೆ, ಕೊಡುವ ಆ ಒಂದು ದಿನ.

ಮಂಗಳವಾರ ಅಂಗಿ ಒಗೆಯಲು ಹಾಕುವಾಗ ಗಂಡನ ಜೇಬಿನಲ್ಲಿ ಆ ಕಾರ್ಡ್ ಸಿಕ್ಕಿತು. ಮೇಜಿನ ಮೇಲೆ ಬಿದ್ದಿದ್ದನ್ನು ಎತ್ತಿಟ್ಟುಕೊಂಡು ಬಂದಿದ್ದಾನೆ, ಇನ್ನಷ್ಟು ದಿನ ಗೋಳು ಹೊಯ್ದುಕೊಳ್ಳಲು. ಅವರ ಹೆಸರು, ಕೆಳಗೆ ಹುದ್ದೆ. ಈಗ ಆ ಹುದ್ದೆಯೂ ಇಲ್ಲ, ಅದರಲ್ಲಿರುವ ಫೋನು ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಎರಡು ವರ್ಷದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ. ಯಾರಿಗೂ ಕೊಡಲಾಗದ ಕಾರ್ಡನ್ನು ಇನ್ನೇನು ಮಾಡುತ್ತಾರೆ, ಸಂದು ಸಿಕ್ಕಲ್ಲಿ ತೂರಿಸಿ ನೋಡುತ್ತಾರೆ.

ವರ್ನಿಯರ್ ಕ್ಯಾಲಿಪರ್‌ನಲ್ಲಿ ಕಾರ್ಡಿನ ದಪ್ಪ ಅಳೆದೆ, 0.35 ಮಿಲಿಮೀಟರ್. ಕಾರ್ಡ್ ಹಿಡಿದು ಗರಗಸದ ಕೋಣೆಗೆ ಹೋದೆ, ಗೋಡೆಗೆ ಒರಗಿಸಿಟ್ಟ ಫ್ರೇಮುಗಳಿಗೆ ಒಂದೊಂದಾಗಿ ತೂರಿಸಿದೆ. ಏಳರಲ್ಲಿ ಮೂರಕ್ಕೆ ಹೋಯಿತು. ಮೂರೂ ಅಗಲದ ಪಟ್ಟಿಯವು. ಹಜಾರದಲ್ಲಿರುವ ನಮ್ಮಿಬ್ಬರ ಫೋಟೋಗೆ ಹಾಕಲು ಹೋದಾಗ ಗಂಡ ಅಡ್ಡ ನಿಂತ. "ಅದೊಂದು ಬೇಡ," ಅಂದ, ನಗದೆ.

ನಿನ್ನೆ ಅವರಿಗೆ ಫೋನ್ ಮಾಡಿದೆ. ಮಳೆ ಹಿಡಿದ ಮೇಲೆ ಫ್ರೇಮ್ ಬಿಚ್ಚಿ ಕಿರಿದಾದ ಪಟ್ಟಿಯಲ್ಲಿ ಹೊಸದು ಮಾಡಿಕೊಡುತ್ತೇನೆ, ಹಲಗೆ ಆಗಲೇ ಒಳಗೆ ಒಣಗಲು ಇಟ್ಟಿದ್ದೇನೆ ಅಂದೆ. "ಎಷ್ಟು ದಿನ ಇಡ್ತೀರಿ?" ಅಂದರು. ಸುಮಾರು ಮೂರು ತಿಂಗಳು ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡು, ವಾರಕ್ಕೊಮ್ಮೆ ತೂಗುತ್ತೇನೆ, ತೂಕ ಇಳಿಯುವುದು ನಿಂತ ಮೇಲೆ ಕೊಯ್ಯುತ್ತೇನೆ ಅಂದೆ.

"ಹೂಂ."

"ನಿಮ್ಮ ಕಾರ್ಡ್ ನಮ್ಮಲ್ಲೇ ಉಳೀತು. ಬಂದಾಗ ತಂದ್ಕೊಡ್ತೀನಿ."

"ಬೇಡ, ಇನ್ನೂ ಎರಡು ಡಬ್ಬಿ ಇವೆ. ಇಟ್ಕೊಳ್ಳಿ, ನಿಮಗೆ ಬೇಕಾಗುತ್ತೆ."